ನಾಲ್ಕನೆಯವರಾಗಿ ಬಂದ ಕಲ್ಲು

ತುಮಕೂರಿನ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಸುತ್ತು ಹಾಕುತ್ತಿದ್ದ ನಮ್ಮ ಗುಂಪಿಗೆ ಹೆಸರಿರಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ಬರುತ್ತಿದ್ದವರು ಕೆಲವರು, ಹೆಂಡತಿ ಹೇಳಿದ್ದಕ್ಕೆ ಬರುತ್ತಿದ್ದವರು ಕೆಲವರು. ಯಾರೂ ಹೇಳದೆ ತಾವಾಗಿಯೇ ನಡೆಯುತ್ತಿದ್ದವರು ಒಬ್ಬರೇ, ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹಾಗಾಗಿ ಅವರೇ ಲೀಡರು. ಕೊರಳಲ್ಲಿ ಸದಾ ಒಂದು ವಿಷಲ್. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದ್ದುದರಿಂದ ಅದನ್ನು ಊದುವ ಹಕ್ಕು ತಮಗಿದೆ ಎಂದು ಅವರು ನಂಬಿದ್ದರು.

ವರ್ಷಕ್ಕೊಮ್ಮೆ ಚಳಿಗಾಲದಲ್ಲಿ ಒಂದು ದೊಡ್ಡ ನಡಿಗೆ ಇರುತ್ತಿತ್ತು. ಮೊದಲ ವರ್ಷ ಗೂಳೂರಿನ ತನಕ ಹೋಗಿ, ತಿಂಡಿ ತಿಂದು, ಆಟೋದಲ್ಲಿ ವಾಪಸು ಬಂದಿದ್ದೆವು. ಎರಡನೆಯ ವರ್ಷ ಹುತ್ರಿದುರ್ಗದ ಬೆಟ್ಟ ಹತ್ತಿದ್ದೆವು. ಹತ್ತಿದವರು ಮೇಷ್ಟ್ರು ಮತ್ತು ನಾನು. ಉಳಿದವರು ಕೆಳಗೆ ಬಂಡೆಯ ಮೇಲೆ ಕೂತು ನಮ್ಮ ಚಪ್ಪಲಿ ಕಾದಿದ್ದರು. ಈಗ ಹೇಳುತ್ತಿರುವುದು ಮೂರನೆಯ ವರ್ಷದ ನಡಿಗೆ, ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರಿನದು. ನಾನು ಆಗ ಊರಿನ ಒಂದು ದಿನಪತ್ರಿಕೆಯಲ್ಲಿ ವರದಿಗಾರ. ನೋಡಿದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂದು ಬೇರೆ ಬೇರೆ ಇಡುವುದು ಅಭ್ಯಾಸವಾಗಿಬಿಟ್ಟಿದೆ. ಇಲ್ಲಿಯೂ ಹಾಗೇ ಮಾಡುತ್ತೇನೆ.

ಪ್ರತಿ ವರ್ಷ ದಾರಿ ಗೊತ್ತು ಮಾಡುತ್ತಿದ್ದವರು ಮೇಷ್ಟ್ರು. ಆ ವರ್ಷ ಶಿರಾ ಗೇಟಿನ ಪಂಪ್‌ಸೆಟ್ ಅಂಗಡಿಯವರು ಕೇಳದೆಯೇ ಒಂದು ದಾರಿ ಸೂಚಿಸಿದರು. ಗುಬ್ಬಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಕಡಬದ ಕೆರೆ, ಆಮೇಲೆ ಶಿಂಷಾ ಹೊಳೆ ಹಿಡಿದು ತಗ್ಗಿನ ತೋಟ ಗದ್ದೆಗಳಲ್ಲಿ ಕುಣಿಗಲ್ ಸೀಮೆಗೆ ಇಳಿಯುವುದು. ಮೈದಾನದ ಅರ್ಧ ಸುತ್ತಿಗೇ ಏದುಸಿರು ಬಿಟ್ಟು ಬೆಂಚು ಹುಡುಕುತ್ತಿದ್ದ ಮನುಷ್ಯ ಇಷ್ಟು ಉದ್ದದ ದಾರಿ ಹೇಳಿದ್ದು ಎಲ್ಲರಿಗೂ ಆಶ್ಚರ್ಯ ತಂದಿತು. ಮೇಷ್ಟ್ರಿಗೆ ಮಾತ್ರ ಕಣ್ಣು ತುಂಬಿ ಬಂತು. ತಮ್ಮ ಇಷ್ಟು ದಿನದ ಕೋಚಿಂಗಿನ ಫಲ ಎಂದುಕೊಂಡರು.

ಹೊರಡುವ ವಾರ ಮದ್ರಾಸಿನ ಕಡೆ ಸೈಕ್ಲೋನ್ ಎದ್ದು ನಮ್ಮ ಕಡೆ ರಾಗಿ ನೆನೆಯಿತು. ಮೂರ್ನಾಲ್ಕು ದಿನ ಸೂರ್ಯನನ್ನು ಯಾರೂ ನೋಡಲಿಲ್ಲ. ಭಾನುವಾರ ಬೆಳಿಗ್ಗೆ ಮಳೆ ನಿಂತಿತ್ತು. ಬರುತ್ತೇವೆಂದು ಹೆಸರು ಕೊಟ್ಟಿದ್ದ ಬಹಳ ಜನ ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ಬಂದವರು ನಾಲ್ವರು: ಮೇಷ್ಟ್ರು, ಅಂಗಡಿಯವರು, ನಾನು, ಮತ್ತು ಒಂದು ಬ್ಯಾಂಕಿನ ಕ್ಯಾಷಿಯರ್. ಕ್ಯಾಷಿಯರ್ ಈ ನಡಿಗೆಗೆಂದೇ ಹಾಲಿನಂಥ ಬಿಳಿಯ ಹೊಸ ಶೂ ಕೊಂಡು ಹಾಕಿಕೊಂಡು ಬಂದಿದ್ದರು.

ಗುಬ್ಬಿಯ ಬಸ್ಸಿನಲ್ಲಿ ಅಂಗಡಿಯವರು ನನ್ನ ಪಕ್ಕ ಕೂತರು. ಬಸ್ಸು ಊರು ದಾಟಿದ ಮೇಲೆ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಫೋಟೋ ತೆಗೆದರು.

"ಸಾರ್, ಇದು ಮೇಷ್ಟ್ರಿಗೆ ಗೊತ್ತಾಗ್ಬಾರ್ದು. ಮಗಳಿಗೆ ಒಂದು ಸಂಬಂಧ ಬಂದೈತೆ. ಹೊಳೆ ದಂಡೇಲೇ ಊರು. ಹುಡುಗ ಕುಣಿಗಲ್ ಕಡೆ ದನದ ಆಸ್ಪತ್ರೇಲಿ ಕೆಲ್ಸ."

ಫೋಟೋದಲ್ಲಿ ನಾಲ್ಕು ಜನ ಇದ್ದರು. ಕುರ್ಚಿಯ ಮೇಲೆ ಅಜ್ಜಿ, ಹಿಂದೆ ಅಪ್ಪ, ಅಮ್ಮ, ನಡುವೆ ಹುಡುಗ. ನಾಲ್ವರೂ ತುಟಿ ಬಿಗಿದು, ಮಹಜರಿಗೆ ಸಾಕ್ಷಿ ಹಾಕಲು ಕರೆದು ನಿಲ್ಲಿಸಿದವರ ಹಾಗೆ ನಿಂತಿದ್ದರು.

"ಹುಡುಗ ಚೆನ್ನಾಗಿದ್ದಾನಲ್ಲ" ಎಂದೆ.

"ಅವಳೂ ಪರವಾಗಿಲ್ಲ ಅಂದ್ಳು. ಆದ್ರೆ ಫೋಟೋನೇ ಒಂದ್ ಗಳಿಗೆ ನೋಡಿ, 'ಅಪ್ಪಾ, ಈ ಮನೇಲಿ ಯಾರಾದ್ರೂ ನಗ್ತಾರಾ? ಅದೊಂದ್ ನೋಡ್ಕೊಂಡ್ ಬಾ. ನಗ್ದೇ ಇರೋ ಮನೆಗೆ ನಾನ್ ಹೋಗಲ್ಲ' ಅಂದ್ಬಿಟ್ಳು. ಸ್ಕೂಲಲ್ಲಿ ಲೆಕ್ಕ ಹೇಳ್ಕೊಡ್ತಾಳೆ ಸಾರ್. ಒಂದ್ಸಲ ಅಂದ್ರೆ ಮುಗೀತು."

ಮುಂದಿನ ಭಾನುವಾರ ಹುಡುಗನ ಕಡೆಯವರು ಹೆಣ್ಣು ನೋಡಲು ತುಮಕೂರಿಗೆ ಬರುವವರಿದ್ದರು. ಅಷ್ಟರೊಳಗೆ ಇವರು ಮನಸ್ಸು ಮಾಡಬೇಕಿತ್ತು. ಬೇಡ ಎನ್ನುವುದಾದರೆ ನಡುವೆ ನಿಂತವರಿಗೆ ಈ ನಡಿಗೆಯಿಂದ ವಾಪಸಾದ ರಾತ್ರಿಯೇ ಫೋನ್ ಮಾಡಿ ನಿಲ್ಲಿಸಬೇಕು. ಮನೆಗೆ ಬಂದು ತಿಂಡಿ ತಿಂದು ಹೋದವರಿಗೆ ಬೇಡ ಅನ್ನುವುದು ಇವರಿಂದ ಆಗದ ಕೆಲಸ.

"ಅವ್ರ ಮನೆಗೆ ಹೋಗಿ, ಸ್ವಲ್ಪ ನಗಿ ನೋಡೋಣ ಅನ್ನೋಕಾಗುತ್ತಾ? ನಂಗೆ ಗೊತ್ತಿರೋದು ಒಂದೇ ಸಾರ್. ಪಂಪ್‌ಹೌಸ್."

ಇದು ಅವರ ಸಿದ್ಧಾಂತ. ಮೊದಲೂ ಕೇಳಿದ್ದೆ. "ಹಾಲ್ ನೋಡ್ಬೇಡಿ, ಅದನ್ನ ನೆಂಟ್ರಿಗೆ ಅಂತ ಗುಡಿಸಿರ್ತಾರೆ. ಪಂಪ್‌ಹೌಸ್ ಯಾರಿಗೂ ಗುಡ್ಸಲ್ಲ. ಅಲ್ಲಿ ಹೆಂಗಿರ್ತಾರೋ ಅದೇ ನಿಜ." ಸ್ಟಾರ್ಟರ್ ಪೆಟ್ಟಿಗೆಯ ಮುಚ್ಚಳ ಮುಚ್ಚಿದೆಯೇ, ವೈರು ಕ್ಲಿಪ್ಪಿನಲ್ಲಿ ಕೂತಿದೆಯೇ, ಫ್ಯೂಸಿಗೆ ಸರಿಯಾದ ತಂತಿ ಹಾಕಿದ್ದಾರೆಯೇ, ಇಷ್ಟು ನೋಡಿದರೆ ಆ ಮನೆಯ ಗಂಡಸರು ಹೆಂಗಸರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಹೇಳಬಲ್ಲೆ ಎನ್ನುತ್ತಿದ್ದರು. ಹೊಳೆದಂಡೆಯಲ್ಲಿ ನಡೆದುಹೋಗುವವರ ಹಾಗೆ ಆ ತೋಟದ ಒಳಗೆ ಹಾದು, ಪಂಪ್‌ಹೌಸಿಗೆ ಇಣುಕಿ, ಯಾರಿಗೂ ತಿಳಿಯದಂತೆ ದಾಟಿಬಿಡುವುದು ಯೋಜನೆ. ಅದಕ್ಕಾಗಿ ನಮ್ಮೆಲ್ಲರನ್ನೂ ಹೊಳೆಗುಂಟ ನಡೆಸಲು ಹೊರಟಿದ್ದರು.

ಕಡಬದಲ್ಲಿ ಇಳಿದಾಗ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಮೇಷ್ಟ್ರು ವಿಷಲ್ ಊದಿ, "ನಂಬರ್!" ಎಂದರು. ಒಂದು, ಎರಡು, ಮೂರು, ನಾಲ್ಕು ಎಂದು ಹೇಳಿ ಹೊರಟೆವು.

ಕೆಸರಿನ ವಿಷಯದಲ್ಲಿ ನಮಗ್ಯಾರಿಗೂ ತಯಾರಿ ಇರಲಿಲ್ಲ. ಕೆಂಪು ಮಣ್ಣಿನ ಕಡೆ ಕಾಲು ಜಾರುತ್ತಿತ್ತು, ಗದ್ದೆಯ ಕಡೆ ಹೂತುಹೋಗುತ್ತಿತ್ತು. ಜೇಡಿಮಣ್ಣು ಶೂಗೆ ಮೆತ್ತಿ, ಅದರ ಮೇಲೆ ಹುಲ್ಲು ಮೆತ್ತಿ, ಅದರ ಮೇಲೆ ಮತ್ತೆ ಮಣ್ಣು ಮೆತ್ತಿ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಲ್ಲರೂ ಒಂದೊಂದು ಗೇಣು ಎತ್ತರ ಬೆಳೆದಿದ್ದೆವು. ಮೇಷ್ಟ್ರು ಮುಂದೆ ನಿಂತು "ಮೊಣಕಾಲು ಎತ್ತಿ, ಮೊಣಕಾಲು!" ಎಂದು ಕೂಗುತ್ತಿದ್ದರು. ಎತ್ತಿದರೆ ಮೊಣಕಾಲು ಬರುತ್ತಿತ್ತು, ಪಾದ ಬರುತ್ತಿರಲಿಲ್ಲ.

ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು. ನೆನೆದ ರಾಗಿ ಮೆದೆಯ ಮೇಲಿನ ಟಾರ್ಪಾಲು ಸರಿಸುತ್ತಿದ್ದವನೊಬ್ಬ, "ಯಾವ್ ಬಸ್ಸು ತಪ್ಪೋಯ್ತು ಸಾಮಿ?" ಎಂದ.

"ಬಸ್ ತಪ್ಪಿಲ್ಲ. ನಾವು ನಡಿಯೋಕೆ ಅಂತಾನೇ ಬಂದಿರೋದು" ಎಂದರು ಮೇಷ್ಟ್ರು.

"ಹರಕೆನಾ?"

"ಅಲ್ಲ. ಆರೋಗ್ಯಕ್ಕೆ."

ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಹೆಂಡತಿಯ ಕಡೆ ತಿರುಗಿ, "ಉಸಾರಿಲ್ವಂತೆ ಪಾಪ" ಎಂದ. ಅವಳು ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು.

ಕ್ಯಾಷಿಯರ್ ನಮ್ಮನ್ನು ಬಿಟ್ಟದ್ದು ಒಂದು ಗದ್ದೆಯ ಬದುವಿನಲ್ಲಿ. ಬದು ಕುಸಿದು ಬಲಗಾಲು ಮೊಣಕಾಲಿನ ತನಕ ಕೆಸರಿಗೆ ಹೋಯಿತು. ನಾವು ಮೂವರೂ ಹಿಡಿದು ಎಳೆದೆವು. ಕಾಲು ಬಂತು. ಶೂ ಬರಲಿಲ್ಲ. ಮೇಷ್ಟ್ರು ತೋಳು ಮಡಚಿ ಭುಜದ ತನಕ ಕೈ ಹಾಕಿ ಹುಡುಕಿದರು. ಸಿಕ್ಕಿದ್ದು ಯಾವುದೋ ಕಾಲದ ನೇಗಿಲಿನ ಒಂದು ತುಂಡು. ಕ್ಯಾಷಿಯರ್ ಬಹಳ ಹೊತ್ತು ಆ ಗುಂಡಿಯನ್ನೇ ನೋಡುತ್ತ ನಿಂತಿದ್ದು, ಹತ್ತಿರದ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿದರು. ಉಳಿದ ಒಂದು ಶೂವನ್ನು ಬಿಚ್ಚಿ ಎದೆಗೆ ಹಿಡಿದುಕೊಂಡಿದ್ದರು.

"ಒಂದನ್ನ ಇಟ್ಕೊಂಡು ಏನ್ ಮಾಡ್ತೀರಿ ಸಾರ್?" ಎಂದೆ.

"ಬೇಸಿಗೇಲಿ ಗದ್ದೆ ಒಣಗಿದ್ಮೇಲೆ ಬಂದು ನೋಡ್ತೀನಿ" ಎಂದರು. ಟ್ರ್ಯಾಕ್ಟರ್ ಹೋಯಿತು.

ಮೇಷ್ಟ್ರು ವಿಷಲ್ ಊದಿದರು. "ನಂಬರ್! ಒಂದು."

"ಎರಡು" ಎಂದೆ.

ಮೂರನೆಯ ನಂಬರು ಬರಲಿಲ್ಲ. ಅಂಗಡಿಯವರು ಕೆಸರಿನಲ್ಲಿ ನಿಂತಲ್ಲೇ ನಿಂತಿದ್ದರು.

"ಮೂರು ಜನ ಆಗೋದ್ವಲ್ಲ" ಎಂದರು.

"ಆದ್ರೇನು? ನಡೀರಿ."

"ಆಗಲ್ಲ ಮೇಷ್ಟ್ರೇ. ಒಳ್ಳೇ ಕೆಲ್ಸಕ್ಕೆ ಮೂರು ಜನ ಹೋಗ್ಬಾರ್ದು."

"ವಾಕಿಂಗು ಒಳ್ಳೇ ಕೆಲ್ಸ ಅಂತ ನಾನು ಇಷ್ಟು ವರ್ಷ ಬಡ್ಕೊಂಡೆ. ಇವತ್ತು ಒಪ್ಕೊಂಡ್ರಾ?"

ಆಗ ಅಂಗಡಿಯವರು ಎಲ್ಲವನ್ನೂ ಹೇಳಬೇಕಾಯಿತು. ಮಗಳು, ಫೋಟೋ, ನಗು, ಪಂಪ್‌ಹೌಸ್. ಮೇಷ್ಟ್ರು ಕೇಳಿಸಿಕೊಂಡರು. ತಮ್ಮ ಕೋಚಿಂಗಿನ ಫಲ ಅಲ್ಲವೆಂದು ತಿಳಿದು ಒಂದು ಗಳಿಗೆ ಮುಖ ಸಣ್ಣದಾಯಿತು. ಆಮೇಲೆ ನೆಟ್ಟಗಾದರು. ಅವರೂ ಹಳ್ಳಿಯಿಂದ ಬಂದವರೇ. ಹೆಣ್ಣಿನ ಕೆಲಸಕ್ಕೆ ಮೂವರು ಹೊರಟರೆ ಏನು ಮಾಡಬೇಕೆಂದು ಅವರಿಗೂ ಗೊತ್ತಿತ್ತು. ಒಂದು ಕಲ್ಲನ್ನು ಜೊತೆಗೆ ತೆಗೆದುಕೊಳ್ಳಬೇಕು. ಆಗ ಅದು ನಾಲ್ಕನೆಯವರು. ಅವರು ಹೊಳೆದಂಡೆಯಿಂದ ಗೋಲಿಯಷ್ಟಿದ್ದ ಒಂದು ಬೆಣಚುಕಲ್ಲು ಹೆಕ್ಕಿ, "ಜೇಬಿಗೆ ಹಾಕ್ಕೊಳ್ಳಿ, ನಡೀರಿ" ಎಂದರು.

ಅಂಗಡಿಯವರು ಅದನ್ನು ಅಂಗೈಯಲ್ಲಿಟ್ಟು ನೋಡಿದರು. "ಮನುಷ್ಯನ ಬದ್ಲಿಗೆ ಬರೋದು ಸಾರ್. ಒಂದ್ಚೂರಾದ್ರೂ ಗಾತ್ರ ಬೇಡ್ವಾ?"

ಕೊನೆಗೆ ಆರಿಸಿದ್ದು ಸಿಪ್ಪೆ ಸುಲಿದ ದಪ್ಪ ತೆಂಗಿನಕಾಯಿಯಷ್ಟಿದ್ದ, ನೀರಿನಲ್ಲಿ ಉರುಳಿ ನುಣುಪಾಗಿದ್ದ ಒಂದು ಕರಿಕಲ್ಲು. ಅದು ಹಿಡಿಯುವ ಚೀಲ ನನ್ನ ಹೆಗಲಿನದು ಮಾತ್ರ. ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ಅದನ್ನು ಕೂರಿಸಿದರು. ಅಲ್ಲಿಂದ ಮುಂದೆ ಮೇಷ್ಟ್ರು "ನಂಬರ್!" ಎಂದಾಗಲೆಲ್ಲ ನಾವು ಮೂವರು ಹೇಳಿದ ಮೇಲೆ, ಅವರೇ ನನ್ನ ಚೀಲವನ್ನು ಎರಡು ಸಲ ತಟ್ಟಿ "ನಾಲ್ಕು" ಎನ್ನುತ್ತಿದ್ದರು. ತಮಾಷೆಗೆ ಎಂದು ಅವರ ಮುಖ ನೋಡಿದರೆ ಹೇಳುವಂತಿರಲಿಲ್ಲ.

ಒಂದು ಹಳ್ಳ ಹೊಳೆಗೆ ಬಂದು ಸೇರುವಲ್ಲಿ ತೆಂಗಿನ ಮರದ ದಿಮ್ಮಿಯನ್ನು ಅಡ್ಡ ಹಾಕಿದ್ದರು. ನಾನು ಮಧ್ಯಕ್ಕೆ ಹೋದಾಗ ಚೀಲದ ಭಾರ ಒಂದು ಕಡೆಗೆ ಎಳೆಯಿತು. ಸೊಂಟದ ತನಕ ನೀರು, ಅದರ ಕೆಳಗೆ ಕೆಸರು. ದಡದಿಂದ ಅಂಗಡಿಯವರು ಕೂಗಿದ ಮೊದಲ ಮಾತು "ಕಲ್ಲು ಇದ್ಯಾ ಸಾರ್?" ಎಂಬುದು. ಇದೆ ಎಂದ ಮೇಲೆ ನನಗೆ ಕೈ ಕೊಟ್ಟರು. ಅವರಿಬ್ಬರೂ ಆಮೇಲೆ ದಾಟುವಾಗ ಒಬ್ಬೊಬ್ಬರಾಗಿ ಬಿದ್ದರು. ಆ ಕಡೆ ತಲುಪಿದಾಗ ಯಾರು ಮೇಷ್ಟ್ರು, ಯಾರು ಅಂಗಡಿಯವರು ಎಂದು ವಿಷಲ್ ನೋಡಿ ಗುರುತಿಸಬೇಕಾಗಿತ್ತು.

ತೋಟ ಸಿಕ್ಕಿದ್ದು ಮಧ್ಯಾಹ್ನ ಇಳಿದ ಮೇಲೆ. ತೆಂಗಿನ ಸಾಲುಗಳ ನಡುವೆ ಬಾವಿ, ಬಾವಿಯ ಪಕ್ಕ ಹೆಂಚಿನ ಪಂಪ್‌ಹೌಸ್. ದೂರದಲ್ಲಿ ಮನೆ. ಸುತ್ತ ಯಾರೂ ಕಾಣಲಿಲ್ಲ. ಅಂಗಡಿಯವರು ಕಾಲುಬೆರಳ ಮೇಲೆ ಒಳಗೆ ಹೋದರು. ಹಿಂದೆ ನಾವು. ಸ್ಟಾರ್ಟರಿನ ಮುಚ್ಚಳವೇ ಇರಲಿಲ್ಲ. ಮೇಲೆ ಜೇಡರ ಬಲೆ, ಕೆಳಗೆ ಕೋಳಿಯ ಮೊಟ್ಟೆ. ವೈರುಗಳು ಅವರೆ ಬಳ್ಳಿಯ ಹಾಗೆ ಹಬ್ಬಿದ್ದವು.

"ನೋಡಿ ಸಾರ್" ಎಂದು ಫ್ಯೂಸನ್ನು ತೋರಿಸಿದರು. "ಬೈಂಡಿಂಗ್ ವೈರು! ಬೇಲಿ ಕಟ್ಟೋ ತಂತಿ ಹಾಕವ್ರೆ! ಈ ಮನೆಗೆ ನನ್ ಮಗಳ್ನಾ?"

ಆಗ ಹಿಂದಿನಿಂದ ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿದ್ದ ಸದ್ದಾಯಿತು.

"ಸಿಕ್ಕಾಕ್ಕೊಂಡ್ರಾ ನನ್ ಮಕ್ಳಾ!" ಎಂದಿತು ಒಂದು ಮುದಿ ಹೆಣ್ಣುದನಿ. "ಏ ಬರ್ರೋ! ಕೇಬಲ್ ಕುಯ್ಯೋರ್ನ ಕೂಡಾಕಿವ್ನಿ, ಬರ್ರೋ!"

ಆ ವರ್ಷಗಳಲ್ಲಿ ತೋಟಗಳಲ್ಲಿ ಮೋಟಾರ್ ಕೇಬಲ್ ಕದಿಯುವುದು ಬಹಳ ನಡೆದಿತ್ತು. ನಾನೇ ಎಷ್ಟೋ ಸುದ್ದಿ ಬರೆದಿದ್ದೆ. ಸಿಕ್ಕಿಬಿದ್ದವರನ್ನು ಊರಿನವರು ಹೇಗೆ ವಿಚಾರಿಸಿಕೊಂಡರು ಎಂಬುದನ್ನೂ ಬರೆದಿದ್ದೆ.

ಮೇಷ್ಟ್ರು ಬಾಗಿಲಿನ ಸಂದಿಗೆ ಬಾಯಿಟ್ಟು, "ಅಮ್ಮಾ, ನಾವು ವಾಕಿಂಗ್‌ನೋರು!" ಎಂದರು.

"ಎಲ್ಲಿಂದ?"

"ತುಮಕೂರಿಂದ."

"ತುಮಕೂರಿಂದ ನಮ್ ಮೋಟ್ರು ಮನೆಗಂಟ ವಾಕಿಂಗಾ? ಇನ್ನೊಂದ್ ಹೇಳ್ಲಾ, ನಂಬಂಗಿರೋದು!"

ಮೇಷ್ಟ್ರಿಗೆ ಜೀವನದಲ್ಲಿ ಯಾರೂ "ಹೇಳ್ಲಾ" ಎಂದಿರಲಿಲ್ಲ. ಅವರು ತಬ್ಬಿಬ್ಬಾಗಿ ವಿಷಲ್ ಊದಿದರು. ಹೊರಗೆ ಅಜ್ಜಿ, "ಪೊಲೀಸ್ ಸೀಟಿ ಬೇರೆ ಕದ್ದವ್ರೆ ಕಣ್ರೋ!" ಎಂದು ಇನ್ನೂ ಜೋರಾಗಿ ಕೂಗಿದರು.

ಈ ಹೊತ್ತಿನಲ್ಲಿ ಅಂಗಡಿಯವರು ಏನು ಮಾಡುತ್ತಿದ್ದರು ಎಂಬುದನ್ನು ನಾನು ಕಣ್ಣಾರೆ ನೋಡಿದೆ. ಅವರು ಸ್ಟಾರ್ಟರಿಗೆ ಬೆನ್ನು ಹಾಕಿ ನಿಂತಿದ್ದರು. ಒಮ್ಮೆ ತಿರುಗಿ ನೋಡಿದರು. ಮತ್ತೆ ಬೆನ್ನು ಹಾಕಿದರು. ಮತ್ತೆ ತಿರುಗಿದರು. ಅಂಗಿಯ ಜೇಬಿನಲ್ಲಿ ಸದಾ ಪೆನ್ನಿನ ಹಾಗೆ ಸಿಕ್ಕಿಸಿಕೊಂಡಿರುತ್ತಿದ್ದ ಟೆಸ್ಟರ್ ಅವರ ಕೈಗೆ ಬಂದಿತ್ತು.

"ಏನ್ ಮಾಡ್ತಿದೀರಿ?" ಎಂದೆ.

"ನೋಡ್ಕೊಂಡು ಸುಮ್ನಿರೋಕಾಗಲ್ಲ ಸಾರ್" ಎಂದು ಮೇನ್ ಸ್ವಿಚ್ ಆಫ್ ಮಾಡಿದರು.

ಚೀಲದ ತಳದಲ್ಲಿ ನೆನೆಯದೆ ಉಳಿದಿದ್ದ ನನ್ನ ಕರ್ಚೀಫು ಇಸಿದುಕೊಂಡು ಮಳೆಯ ಪಸೆ ಒರೆಸಿದರು, ಕಪ್ಪು ಹಿಡಿದ ಪಾಯಿಂಟುಗಳನ್ನು ಕೆರೆದರು, ಸಡಿಲವಾಗಿದ್ದ ತಿರುಪುಗಳನ್ನು ಬಿಗಿದರು. ಹೊರಗೆ ಜನ ಸೇರುವ ಸದ್ದು. "ಎಷ್ಟ್ ಜನ ಅವ್ರೆ ಅಜ್ಜಿ?" "ಮೂವ್ರು. ಮೈಗೆಲ್ಲ ಕೆಸ್ರು ಬಳ್ಕೊಂಡವ್ರೆ, ಗುರುತು ಸಿಗ್ಬಾರ್ದು ಅಂತ." ಒಳಗಿನ ಖಟಪಟ ಕೇಳಿ ಯಾರೋ "ಮೋಟ್ರೇ ಬಿಚ್ತಾವ್ರೆ ಕಣೋ!" ಎಂದರು.

ಅಂಗಡಿಯವರು ಮೇನ್ ಹಾಕಿ, ಹಸಿರು ಗುಂಡಿ ಒತ್ತಿದರು. ಮೋಟಾರ್ ಒಮ್ಮೆ ಗೊರಗುಟ್ಟಿ ಓಡತೊಡಗಿತು. ಹೊರಗೆ ತೊಟ್ಟಿಗೆ ಧೋ ಎಂದು ನೀರು ಬಿದ್ದ ಸದ್ದಾಯಿತು.

ಬಾಗಿಲು ತೆರೆಯಿತು. ಎದುರಿಗೆ ಹತ್ತಾರು ಜನ, ಕೈಯಲ್ಲಿ ದೊಣ್ಣೆ, ಮಚ್ಚು, ಒಬ್ಬನ ಕೈಯಲ್ಲಿ ತೆಂಗಿನ ಮಟ್ಟೆ. ಪೈಪಿನ ಬಾಯಿಗೆ ಸರಿಯಾಗಿ ನಿಂತಿದ್ದ ಅಜ್ಜಿ ತಲೆಯಿಂದ ಕಾಲಿನ ತನಕ ತೊಯ್ದಿದ್ದರು. ಫೋಟೋದ ಅಜ್ಜಿ. ಪಕ್ಕದಲ್ಲಿ ಫೋಟೋದ ಅಪ್ಪ, ಆ ಮನೆಯ ಯಜಮಾನರು.

"ನಾಕು ದಿನದಿಂದ ಕೆಟ್ಟಿತ್ತು. ದನಕ್ಕೆ ನೀರು ಹೊತ್ತೂ ಹೊತ್ತೂ ಸಾಕಾಗಿತ್ತು" ಎಂದರು ಯಜಮಾನರು, ಯಾರಿಗೆಂದಿಲ್ಲದೆ. "ಕದಿಯಾಕ್ ಬಂದೋರು ರಿಪೇರಿ ಮಾಡ್ಬುಟ್ಟವ್ರಲ್ಲಪ್ಪ."

"ಚೀಲ ನೋಡ್ರೋ" ಎಂದ ಮಟ್ಟೆ ಹಿಡಿದವನು. ನನ್ನ ಚೀಲ ಇಸಿದುಕೊಂಡು ಜಗಲಿಗೆ ಸುರಿದ. ಡಬ್ಬಿ ಬಿತ್ತು. ಕಲ್ಲು ಬಿತ್ತು. "ನೋಡಿ, ಕಲ್ಲಿಟ್ಕೊಂಡವ್ರೆ! ತಲೆ ಒಡೆಯಾಕೆ!"

ಎಲ್ಲರೂ ಕಲ್ಲನ್ನು ನೋಡಿದರು. ನಿಜ ಹೇಳಿದರೆ ಅಂಗಡಿಯವರ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಮಟ್ಟೆ ಬೀಳುತ್ತದೆ. ಅಜ್ಜಿ ಸೆರಗು ಹಿಂಡುತ್ತ ಮುಂದೆ ಬಂದರು. ಕಲ್ಲನ್ನು ನೋಡಿದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆರಳು ಮಾಡಿ ಎಣಿಸಿದರು. ಕಲ್ಲನ್ನೂ ಸೇರಿಸಿ ಇನ್ನೊಮ್ಮೆ ಎಣಿಸಿದರು. ಆಮೇಲೆ ಓಡುತ್ತಿದ್ದ ಮೋಟಾರನ್ನು ನೋಡಿದರು. ಕೊನೆಗೆ ಅವರ ಕಣ್ಣು ಅಂಗಡಿಯವರ ಕೈಯ ಟೆಸ್ಟರಿನ ಮೇಲೆ ನಿಂತಿತು.

"ಸಿರಾ ಗೇಟಲ್ಲಿ ಪಂಪ್‌ಸೆಟ್ ಅಂಗಡಿ ಮಡ್ಗಿರೋರು ಯಾರಪ್ಪ ನಿಮ್ಮಲ್ಲಿ?"

ಅಂಗಡಿಯವರು ತಲೆ ತಗ್ಗಿಸಿ ಕೈ ಎತ್ತಿದರು, ಹಾಜರಿ ಹೇಳುವ ಹುಡುಗನ ಹಾಗೆ.

"ಅಯ್ಯೋ, ಮಟ್ಟೆ ಬಿಸಾಕ್ಲಾ! ಹೆಣ್ಣಿನ ಕಡೆಯೋರು ಕಣ್ಲಾ ಇವ್ರು! ಮೂವ್ರಾಗೋಯ್ತು ಅಂತ ಕಲ್ಲು ತಂದವ್ರೆ!"

ಮೊದಲು ನಕ್ಕವರು ಅಜ್ಜಿ. ಬಾಯಲ್ಲಿ ಮುಂದಿನ ಎರಡು ಹಲ್ಲು ಮಾತ್ರ ಇದ್ದವು. ಆ ನಗು ನೋಡಿ ಯಜಮಾನರು ನಕ್ಕರು. ಮನೆಯಿಂದ ಓಡಿ ಬಂದ ಹುಡುಗನ ತಾಯಿ ಏನೆಂದು ಕೇಳಿ, ಪೂರ್ತಿ ಕೇಳುವ ಮೊದಲೇ ತೊಟ್ಟಿಯ ಅಂಚು ಹಿಡಿದು ಕೂತುಬಿಟ್ಟರು. ಮಟ್ಟೆಯವನು ಮಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ನಗುತ್ತಿದ್ದ. ಮೇಷ್ಟ್ರು ಕೂಡ ನಕ್ಕರು, ವಿಷಲ್ ಬಾಯಲ್ಲೇ ಇದ್ದುದರಿಂದ ಅದು ಸಣ್ಣಗೆ ಪೀಪೀ ಎಂದಿತು. ಅದಕ್ಕೆ ಮತ್ತೊಂದು ಸುತ್ತು ಶುರುವಾಯಿತು.

ನಗದೇ ಇದ್ದವರು ಒಬ್ಬರೇ, ಅಂಗಡಿಯವರು. ಅವರು ಫ್ಯೂಸಿನ ಕಡೆ ನೋಡುತ್ತಿದ್ದರು.

ಅದೇ ತೊಟ್ಟಿಯ ನೀರಿನಲ್ಲಿ ಮೈ ತೊಳೆದು, ಅವರು ಕೊಟ್ಟ ಪಂಚೆಗಳನ್ನು ಉಟ್ಟು, ಮುದ್ದೆ ಮತ್ತು ಅವರೆಕಾಳಿನ ಸಾರು ಉಂಡೆವು. ಹುಡುಗ ಯಾವುದೋ ಎಮ್ಮೆ ನೋಡಲು ಹೋಗಿದ್ದವನು ಮನೆಯಲ್ಲಿರಲಿಲ್ಲ. ಊಟದ ನಡುವೆ ನಾನು ನನ್ನ ವೃತ್ತಿಯ ಧೈರ್ಯದಲ್ಲಿ ಕೇಳಿಬಿಟ್ಟೆ. "ಅಜ್ಜಿ, ಫೋಟೋದಲ್ಲಿ ಯಾರೂ ನಕ್ಕೇ ಇಲ್ಲವಲ್ಲ?"

"ಆ ಕುಣಿಗಲ್ ಫೋಟೋದೋನು ನಮ್ಗೆ ಎಷ್ಟ್ ಬೈದ ಗೊತ್ತಾ? ನಾನ್ ನಕ್ರೆ ನನ್ ಹಲ್ಲು ನೋಡಿ ಇವ್ನು ನಗೋನು, ಇವ್ನ್ ನೋಡಿ ಅವ್ಳು. ರೀಲೆಲ್ಲ ಹಾಳಾಯ್ತು ಅಂತ ಅವ್ನು ಕೂಗಾಡ್ಬುಟ್ಟ. ಕೊನೇಗೆ, ಬಾಯಿ ಬಿಟ್ಟೋರ್ನ ಹೊರಗ್ ಹಾಕ್ತೀನಿ ಅಂದ. ಹಂಗೇ ಕಚ್ಕೊಂಡ್ ಕೂತಿದ್ವಿ."

ಕುಣಿಗಲ್ಲಿನಿಂದ ತುಮಕೂರಿನ ಬಸ್ಸು ಹತ್ತಿದ ಮೇಲೆ ಮೇಷ್ಟ್ರು ಅಭ್ಯಾಸಬಲದಿಂದ ನನ್ನ ಚೀಲ ತಟ್ಟಿದರು. ಕಲ್ಲು ಅದರಲ್ಲಿರಲಿಲ್ಲ. "ನಾಲ್ಕನೆಯವ್ರು ಅಲ್ಲೇ ಉಳ್ಕೊಂಡ್ರು" ಎಂದು ಹೇಳಿ ನಿದ್ದೆ ಹೋದರು. ಅಂಗಡಿಯವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

"ನಕ್ಕರಲ್ಲ" ಎಂದೆ.

"ನಕ್ರು ಸಾರ್. ಆದ್ರೆ ಬೈಂಡಿಂಗ್ ವೈರು!" ಇಳಿಯುವಾಗ, "ರಾತ್ರಿ ಫೋನ್ ಮಾಡಿ ಬೇಡ ಅಂದ್ಬಿಡ್ತೀನಿ" ಎಂದರು.

ಇನ್ನು ಮುಂದಿನದು ಮರುದಿನ ಮೈದಾನದಲ್ಲಿ ಅವರೇ ಹೇಳಿದ್ದು. ಬೇರೆಯವರ ಪಂಚೆ ಉಟ್ಟು ಮನೆಗೆ ಹೋದವರನ್ನು ಹೆಂಡತಿ ಬಾಗಿಲಲ್ಲೇ ತಡೆದರಂತೆ. ಇದು ಯಾರ ಪಂಚೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಎಲ್ಲವನ್ನೂ ಹೇಳಬೇಕಾಯಿತು. ಗಂಡಿನ ಮನೆಗೆ ಕರೆಯದೆ ಹೋಗಿ ಕಳ್ಳನ ಹಾಗೆ ಸಿಕ್ಕಿಬಿದ್ದಿರಲ್ಲ ಎಂದು ಆಕೆ ಹಣೆ ಬಡಿದುಕೊಂಡರಂತೆ. ಮಗಳು ಫ್ಯೂಸಿನ ಭಾಗವನ್ನು ಗಮನವಿಟ್ಟು ಕೇಳಿದಳಂತೆ. ಅಜ್ಜಿ ತೊಯ್ದ ಭಾಗವನ್ನು ಎರಡು ಸಲ ಹೇಳಿಸಿದಳಂತೆ. ಇವರು ಫೋನಿನ ಹತ್ತಿರ ಹೋದಾಗ, "ಫೋನ್ ಇಡಪ್ಪ. ಅವ್ರು ಬರ್ಲಿ, ನಾನೇ ನೋಡ್ತೀನಿ" ಎಂದಳಂತೆ.

ಭಾನುವಾರ ಅಂಗಡಿಯವರು ಮೇಷ್ಟ್ರನ್ನೂ ನನ್ನನ್ನೂ ಮನೆಗೆ ಕರೆದರು. ಸಾಕ್ಷಿಗಳು ಹತ್ತಿರ ಇದ್ದರೆ ಧೈರ್ಯ ಎಂದಿರಬೇಕು. ಹಾಲ್ ಗುಡಿಸಿದ್ದರು. ಹುಡುಗನೇ ಓಡಿಸಿಕೊಂಡು ಬಂದಿದ್ದ ಕಾರಿನಿಂದ ಅಜ್ಜಿ, ಹುಡುಗನ ತಾಯಿ ಮತ್ತು ಹುಡುಗ ಇಳಿದರು. ಯಜಮಾನರು ಬಂದಿರಲಿಲ್ಲ. ಹಸುವಿಗೆ ದಿನ ತುಂಬಿತ್ತು, ಯಾವ ಗಳಿಗೆಯಲ್ಲಾದರೂ ಕರು ಹಾಕಬಹುದಿತ್ತು. ದನದ ಆಸ್ಪತ್ರೆಯ ಹುಡುಗನನ್ನು ಹೆಣ್ಣು ನೋಡಲು ಕಳಿಸಿ, ಅಪ್ಪ ಹಸುವಿನ ಹತ್ತಿರ ಉಳಿದಿದ್ದರು.

ಅಜ್ಜಿ ಸೋಫಾದ ಮೇಲೆ ಕೂತು, ಮಡಿಲಲ್ಲಿದ್ದ ಬಟ್ಟೆಯ ಚೀಲವನ್ನು ಬಿಚ್ಚಿ, ಒಳಗಿದ್ದುದನ್ನು ಪಕ್ಕದ ಖಾಲಿ ಜಾಗದಲ್ಲಿ ಕೂರಿಸಿದರು. ತೊಳೆದು, ಅರಿಸಿನ ಕುಂಕುಮ ಇಟ್ಟ ಕರಿಕಲ್ಲು. ಮೇಷ್ಟ್ರ ಕೈ ವಿಷಲ್ ಹುಡುಕಿತು.

ಮಗಳು ತಿಂಡಿಯ ತಟ್ಟೆಗಳನ್ನು ಹಿಡಿದು, ತಾಯಿ ಹೇಳಿಕೊಟ್ಟ ಹಾಗೆ ತಲೆ ತಗ್ಗಿಸಿ ಬಂದಳು. ತಲೆ ತಗ್ಗಿಸಿದ್ದರಿಂದಲೇ ಅವಳಿಗೆ ಮೊದಲು ಕಂಡದ್ದು ಕಲ್ಲು. ಅಜ್ಜಿಗೆ ಒಂದು ತಟ್ಟೆ ಕೊಟ್ಟಳು. ಹುಡುಗನ ತಾಯಿಗೆ ಒಂದು. ಹುಡುಗನಿಗೆ ಒಂದು. ಆಮೇಲೆ ಕಲ್ಲಿನ ಮುಂದೆ ನಿಂತು, ಸ್ವಲ್ಪ ಯೋಚಿಸಿ, "ಇವ್ರಿಗೂ ಕೊಡ್ಲಾ?" ಎಂದಳು.

"ಕೊಡವ್ವ" ಎಂದರು ಅಜ್ಜಿ. "ಓದ್ವಾರ ಬರೀ ಹೊಟ್ಟೇಲಿ ಕಳ್ಸಿದ್ವಿ."

ಹುಡುಗ ತಡೆಯಲಾರದೆ ಮೊದಲು ನಕ್ಕ. ಬಾಯಲ್ಲಿ ಕೇಸರಿಬಾತು ಇತ್ತು. ಮುಂದೇನಾಯಿತು ಎಂಬುದರ ವಿವರ ಬೇಕಾಗಿಲ್ಲ. ಹೊಸ ಟೀಪಾಯಿಯ ಬಟ್ಟೆಯನ್ನು ಆಮೇಲೆ ಒಗೆಯಲು ಹಾಕಬೇಕಾಯಿತು. ಮಗಳು ಉಳಿದ ತಟ್ಟೆಯನ್ನು ಕಲ್ಲಿನ ಮುಂದಿಟ್ಟು, ನಗು ಮುಚ್ಚಿಕೊಳ್ಳದೆಯೇ ಒಳಗೆ ಹೋದಳು. ಅಡುಗೆಮನೆಯಿಂದ ಅವಳ ಮಾತು ಹಾಲಿನ ತನಕ ಕೇಳಿಸಿತು: "ಆಗ್ಲಿ ಅಂತ ಹೇಳಮ್ಮ."

ಮದುವೆಗೆ ಮೊದಲು ಒಂದು ಬೆಳಿಗ್ಗೆ ಅಂಗಡಿಯವರು ನಮ್ಮ ಮನೆಯ ಮುಂದೆ ಟೆಂಪೋ ನಿಲ್ಲಿಸಿದರು. ಹಿಂದೆ ಹೊಸ ಪ್ಯಾನಲ್ ಬೋರ್ಡು, ಹೊಸ ಸ್ಟಾರ್ಟರು, ಒಂದು ಸುರುಳಿ ಸರಿಯಾದ ಫ್ಯೂಸ್ ತಂತಿ. ಒಳಗೆ ಮೇಷ್ಟ್ರು ಮತ್ತು ಡ್ರೈವರು.

"ಬನ್ನಿ ಸಾರ್, ಬೀಗ್ರ ತೋಟಕ್ಕೆ ಹೋಗ್ಬರೋಣ."

ಅವತ್ತು ಆಫೀಸಿನಲ್ಲಿ ಕೆಲಸವಿತ್ತು. ಬೋರ್ಡು ಕೂರಿಸುವುದು ನನಗೆ ಗೊತ್ತಿಲ್ಲ, ನಾನು ಬಂದು ಏನು ಮಾಡಲಿ ಎಂದೆ.

"ನೀವೇನೂ ಮಾಡ್ಬೇಡಿ, ಸುಮ್ನೆ ಕೂತಿರಿ ಸಾಕು" ಎಂದರು ಅಂಗಡಿಯವರು. ಮೇಷ್ಟ್ರು ಆಗಲೇ ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯ ಬದಿಯಲ್ಲಿ ಏನೋ ಹುಡುಕುತ್ತಿದ್ದರು. ಕಾಂಪೌಂಡಿನ ಹತ್ತಿರ ಬಿದ್ದಿದ್ದ ಒಂದು ಜಲ್ಲಿಕಲ್ಲಿನ ಮೇಲೆ ಅವರ ಕಣ್ಣು ನಿಂತಿತ್ತು.

ನಾನು ಚಪ್ಪಲಿ ಮೆಟ್ಟಿಕೊಂಡು ಟೆಂಪೋ ಹತ್ತಿದೆ. ಮೇಷ್ಟ್ರು "ನಂಬರ್!" ಎಂದರು. ನಾಲ್ಕು ಎಂದು ನಾನೇ ಹೇಳಿದೆ.